ಮಿಸ್ತ್ರಿ ಕಾಕಾ ಅವರ ವಹಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹಳೆಯ ಜೀಪೊಂದು ಕಂಡರೆ ಅದರ ಮಾಲೀಕರನ್ನು ಕೇಳಿ ನೋಡಿ, ‘ಇದು ಎಲ್ಲಿಂದ ಬಂತ್ರಿ?’ ಎಂದು. ಹತ್ತಕ್ಕೆ ಎಂಟು ಮಂದಿಯ ಉತ್ತರ ಒಂದೇ ಇರುತ್ತದೆ: ‘ಪೊಲೀಸ್ ಆ್ಯಕ್ಷನ್‌ದಾಗ ಮಿಲಿಟ್ರಿಯವ್ರು ಬಿಟ್ಟು ಹೋಗಿದ್ದು ನೋಡ್ರಿ.’ 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತದ ಸೇನೆ ನಡೆಸಿದ ಆ ಕಾರ್ಯಾಚರಣೆಯ ಎಷ್ಟೋ ವರ್ಷಗಳ ನಂತರ ಮಹೀಂದ್ರ ಕಾರ್ಖಾನೆಯಿಂದ ಹೊರಬಿದ್ದ ಗಾಡಿಗೂ ಇದೇ ಕಥೆ. ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದು ಅರ್ಥವಲ್ಲ. ಅವರಪ್ಪ ಹೇಳಿದ್ದನ್ನು ಅವರು ನಂಬಿದ್ದಾರೆ, ಅಷ್ಟೆ.

ನಮ್ಮ ಹಳೇ ಗಾಡಿಗಳ ಬಳಗದ ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಮೇಲೆ ಅವರ ನೆನಪಿಗೆ ಒಂದು ಸಂಚಿಕೆ ತರೋಣವೆಂದು ಎಲ್ಲರೂ ಸೇರಿ ನಿರ್ಧರಿಸಿದೆವು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಮಿಸ್ತ್ರಿ ಕಾಕಾ’ ಎಂದೇ. ಮನೆಯವರ ಇಚ್ಛೆಯಂತೆ ಇಲ್ಲಿಯೂ ಆ ಹೆಸರೇ ಸಾಕು. ಮೊದಲ ಕರಡು ಸಿದ್ಧವಾಗಿ ನನ್ನ ಕೈಗೆ ಬಂದಾಗ ಅದರ ಮೊದಲ ಸಾಲೇ ಹೀಗಿತ್ತು: ‘ಪೊಲೀಸ್ ಆ್ಯಕ್ಷನ್ ಜೀಪಿನ ಒಡೆಯರಾಗಿದ್ದ ನಮ್ಮ ಪ್ರೀತಿಯ ಕಾಕಾ...’ ದಾಖಲೆ ನೋಡಿ ಸರಿಪಡಿಸುವ ಕೆಲಸ ನನ್ನದು. ಆ ಒಂದು ಸಾಲನ್ನು ದಾಟಿ ಮುಂದಕ್ಕೆ ಹೋಗಲು ನನಗೆ ಆಗಲಿಲ್ಲ. ಬೇರೆ ಯಾರ ಬಗ್ಗೆಯಾಗಿದ್ದರೂ ಬಿಟ್ಟುಬಿಡಬಹುದಿತ್ತು. ಕಾಕಾ ಬಗ್ಗೆ ಪರೀಕ್ಷಿಸದ ಮಾತು ಅಚ್ಚಾದರೆ ಅದು ಅವರಿಗೆ ಮಾಡುವ ಅಗೌರವ.

ಏಕೆಂದರೆ ಬಳಗದಲ್ಲಿ ಅವರ ಮೇಲಿದ್ದ ಗೌರವಕ್ಕೆ ಕಾರಣವೇ ಪರೀಕ್ಷಿಸಿ ಮಾತಾಡುವ ಆ ಗುಣ. ಗ್ಯಾರೇಜು ನಡೆಸಿ ಬದುಕಿದವರು, ಹೆಚ್ಚು ಓದಿದವರಲ್ಲ. ಆದರೆ ಒಂದು ಗಾಡಿಯ ವಯಸ್ಸು, ಮೂಲ ಹೇಳಬೇಕಾದರೆ ಕಲಬುರಗಿ, ರಾಯಚೂರಿನವರೂ ಅವರ ಮಾತಿಗೆ ಕಾಯುತ್ತಿದ್ದರು. ‘ಗಾಡಿ ಸುಳ್ಳ ಹೇಳಂಗಿಲ್ರಿ, ಮಾಲಕ ಹೇಳ್ತಾನ’ ಎನ್ನುತ್ತಿದ್ದರು. ಮಾಲೀಕರ ಎದುರಿಗೇ ಹೇಳುತ್ತಿದ್ದರು, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಗಾಡಿಯ ವಯಸ್ಸು ಗೊತ್ತುಮಾಡುವ ಈ ಕೆಲಸಕ್ಕೆ ಸಂಘವೇ ಇದೆ. 1896ರ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್‌ಗೆ ಮೋಟಾರುಗಳು ಓಡಿದ್ದವು. ಆ ಓಟವನ್ನು 1927ರಲ್ಲಿ ಮತ್ತೆ ಶುರುಮಾಡಿದರು. ಅದರ ಬೆನ್ನಿಗೆ 1930ರಲ್ಲಿ ವೆಟರನ್ ಕಾರ್ ಕ್ಲಬ್ ಹುಟ್ಟಿತು. 1905ಕ್ಕೆ ಮುಂಚಿನ ಗಾಡಿಗಳಿಗೆ ಮಾತ್ರ ಬ್ರೈಟನ್ ಓಟದಲ್ಲಿ ಜಾಗ. ಹಾಗಾಗಿ ಯಾವ ಗಾಡಿ ಯಾವ ವರ್ಷದ್ದು ಎಂಬುದನ್ನು ತೀರ್ಮಾನಿಸಲು ಕ್ಲಬ್ಬಿನಲ್ಲಿ ಪ್ರತ್ಯೇಕ ಸಮಿತಿ. ಅಲ್ಲಿ ಸಮಿತಿ ಮಾಡುವ ಕೆಲಸವನ್ನು ನಮ್ಮ ಕಡೆ ಕಾಕಾ ಒಬ್ಬರೇ ಪೆನ್ಸಿಲ್ಲು, ಟಾರ್ಚು, ಸೀಮೆಎಣ್ಣೆ ಅದ್ದಿದ ಅರಿವೆ ಹಿಡಿದುಕೊಂಡು ಮಾಡುತ್ತಿದ್ದರು.

ಅವರ ಜೀಪು ಈಗಲೂ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿದೆ. ಅವರ ಮಗನ ಜೊತೆ ಅಲ್ಲಿಗೆ ಹೋಗಿ, ಕಾಕಾ ಕಲಿಸಿದ ಕ್ರಮದಲ್ಲೇ ನೋಡಿದೆ. ಮೊದಲು ಮುಂದಿನ ಜಾಳಿಗೆಯ ಸೀಳುಗಳು. ಯುದ್ಧಕಾಲದ ಜೀಪಿಗೆ ಒಂಬತ್ತು ಸೀಳು. ಯುದ್ಧ ಮುಗಿದ ಮೇಲೆ ನಾಗರಿಕರಿಗೆಂದು ತಯಾರಾದ ಸಿಜೆ ಮಾದರಿಗಳಿಗೆ ಏಳು. ನಮ್ಮ ರಸ್ತೆಗಳಲ್ಲಿ ಎಲ್ಲರಿಗೂ ಪರಿಚಯವಿರುವ, ಬಾನೆಟ್ ಎತ್ತರವಾದ ಸಿಜೆ-3ಬಿ ಮಾದರಿ ಅಮೆರಿಕದಲ್ಲೇ ಹೊರಬಂದದ್ದು 1953ರಲ್ಲಿ. ಅದು 1948ರ ಪೊಲೀಸ್ ಆ್ಯಕ್ಷನ್ ಕಂಡಿರಲು ಸಾಧ್ಯವೇ ಇಲ್ಲ. ಇದೊಂದೇ ಲೆಕ್ಕದಿಂದ ಮೂರೂ ತಾಲೂಕಿನ ಎಷ್ಟೋ ಜೀಪುಗಳ ಕಥೆ ಬಿದ್ದುಹೋಗುತ್ತದೆ. ಕಾಕಾ ಅವರ ಜೀಪಿಗೆ ಒಂಬತ್ತು ಸೀಳುಗಳಿದ್ದವು.

ಮುಂದಿನದು ಕೈ ಹಚ್ಚಿ ನೋಡುವ ಪರೀಕ್ಷೆ. ಯುದ್ಧಕಾಲದ ಜೀಪನ್ನು ಎರಡು ಕಂಪನಿಗಳು ಮಾಡಿದವು, ವಿಲ್ಲಿಸ್ ಮತ್ತು ಫೋರ್ಡ್. ಎರಡೂ ಸೇರಿ ಸುಮಾರು 6.4 ಲಕ್ಷ ಗಾಡಿ. ನಕ್ಷೆ ಒಂದೇ, ನೋಟಕ್ಕೂ ಒಂದೇ. ಆದರೆ ರೇಡಿಯೇಟರಿನ ಕೆಳಗೆ, ಚಾಸಿಯ ಎರಡು ಪಟ್ಟಿಗಳನ್ನು ಸೇರಿಸುವ ಅಡ್ಡ ಸರಳು ವಿಲ್ಲಿಸ್‌ನಲ್ಲಿ ದುಂಡಗಿನ ಕೊಳವೆ. ಫೋರ್ಡ್‌ನಲ್ಲಿ ಬೋರಲು ಹಾಕಿದ ಚೌಕು ಪಟ್ಟಿ. ಕಣ್ಣಿಗೆ ಮಣ್ಣು, ಗ್ರೀಸು ಅಡ್ಡ ಬಂದರೂ ಬೆರಳಿಗೆ ತಪ್ಪುವುದಿಲ್ಲ. ನಾನು ಮಂಡಿಯೂರಿ ಕೈ ಒಳಗೆ ಹಾಕಿದಾಗ ಸಿಕ್ಕಿದ್ದು ಚೌಕು ಅಂಚು. ಬಂಪರಿನ ಹತ್ತಿರದ ಬೋಲ್ಟೊಂದರ ತಲೆಯನ್ನು ಸೀಮೆಎಣ್ಣೆ ಅರಿವೆಯಿಂದ ಉಜ್ಜಿದರೆ ಇಂಗ್ಲಿಷಿನ ‘ಎಫ್’ ಅಕ್ಷರ ಮೂಡಿಬಂತು. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ಮೇಲೂ ಆ ಅಕ್ಷರ ಒತ್ತುತ್ತಿತ್ತು. ಎಡಗಡೆ ಚಾಸಿ ಪಟ್ಟಿಯ ಮೇಲ್ಮೈ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ಲಿನ ಮೊನೆ ಅಡ್ಡ ಮಲಗಿಸಿ ಉಜ್ಜಿದೆ. ಆರ್‌ಟಿಓ ಕಚೇರಿಗಳಲ್ಲಿ ಚಾಸಿ ನಂಬರಿನ ಅಚ್ಚು ತೆಗೆಯುವುದೂ ಹೀಗೇ. ‘ಜಿಪಿಡಬ್ಲ್ಯು’ ಎಂದು ಶುರುವಾಗುವ ನಂಬರು ಕಪ್ಪು ಹಿನ್ನೆಲೆಯಲ್ಲಿ ಬಿಳಿಯಾಗಿ ಎದ್ದಿತು. ಕೈಪೆಟ್ಟಿಗೆಯ ಬಾಗಿಲ ಮೇಲೆ ಸೇನೆಗೆ ಗಾಡಿ ಒಪ್ಪಿಸಿದ ತಾರೀಕಿನ ಫಲಕ ಇರಬೇಕಿತ್ತು. ಅಲ್ಲಿ ಉಳಿದಿದ್ದು ರಿವೆಟ್ಟಿನ ತೂತುಗಳು ಮಾತ್ರ.

ಅಂದರೆ ಅದು ನಿಜಕ್ಕೂ ಎರಡನೆಯ ಮಹಾಯುದ್ಧದ ಗಾಡಿ. ಕರಡು ಬರೆದ ಗೆಳೆಯರಿಗೆ ಅಲ್ಲಿಗೇ ಸಮಾಧಾನವಾಯಿತು. ‘ನೋಡ್ರಿ, ನಾವು ಬರದದ್ದು ಖರೇ ಆತಲ್ಲ’ ಎಂದರು. ಮಿಲಿಟರಿ ಗಾಡಿ ಎನ್ನುವುದು ಖರೆ. ಪೊಲೀಸ್ ಆ್ಯಕ್ಷನ್‌ದಾಗ ಬಂದದ್ದು ಎನ್ನುವುದಕ್ಕೆ ಚಾಸಿಯಲ್ಲಿ ಸಾಕ್ಷಿ ಇಲ್ಲ. ಅದಕ್ಕೆ ಕಾಗದವೇ ಬೇಕು.

ಕಾಗದಕ್ಕಾಗಿ ಹುಡುಕುವಾಗ ಸಿಕ್ಕಿದ್ದು ಕಾಕಾ ಅವರ ವಹಿ. ಕೆಂಪು ಅರಿವೆಯ ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕ. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’. ಒಂದೊಂದು ಗಾಡಿಗೆ ಒಂದೊಂದು ಪುಟ. ಬಲಭಾಗದ ಮಾತಿಗೆ ಎಂದಾದರೂ ಪುರಾವೆ ಸಿಕ್ಕರೆ ಅದನ್ನು ಹೊಡೆದುಹಾಕಿ ಎಡಕ್ಕೆ ಬರೆದು ತಾರೀಕು ಹಾಕಿದ್ದಾರೆ. ನಾನು ವರ್ಷಾನುಗಟ್ಟಲೆ ಪತ್ರಾಗಾರಗಳಲ್ಲಿ ಕೂತವನು. ಇದಕ್ಕಿಂತ ಶಿಸ್ತಿನ ಟಿಪ್ಪಣಿ ಪುಸ್ತಕ ನೋಡಿದ ನೆನಪಿಲ್ಲ.

ಜೀಪಿನ ಪುಟ ಒಮ್ಮೆಗೇ ಸಿಗಲಿಲ್ಲ. ಪುಟಗಳಿಗೆ ಕ್ರಮವಿರಲಿಲ್ಲ, ನಡುವೆ ಎಷ್ಟೋ ಬಿಡಿಹಾಳೆಗಳು. ಹುಡುಕುತ್ತ ಹೋದಂತೆ ಅವರ ಆಸಕ್ತಿ ಎಷ್ಟು ದೂರ ಚಾಚಿತ್ತೆಂದು ತಿಳಿಯುತ್ತ ಹೋಯಿತು.

ಒಂದು ಪುಟದಲ್ಲಿ ನಿಜಾಮರ ರೈಲ್ವೆಯ ಬೆಂಕಿ ಗಾಡಿ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನ ಜಾನ್ ಮಾರಿಸ್ ಕಂಪನಿ 1914ರಲ್ಲಿ ಮಾಡಿದ್ದು. ಈಗ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ಆರಂಭಿಸಿದ ಹಳೆಯ ಕಾರುಗಳ ರ‍್ಯಾಲಿಯಲ್ಲಿ ಓಡಿ ಬಹುಮಾನಗಳನ್ನೂ ಗೆದ್ದಿದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿಸಿದ ರೈಲ್ವೆಯ ಆಸ್ತಿ ಅದು. ವಾಡಿ ಯಾದಗಿರಿಯವರಿಗೆ ನೆರೆಮನೆ. ‘ನಮ್ಮ ಕಡೀ ಹಿರೇ ಗಾಡಿ. ದಿಲ್ಲಿಯಾಗ ಐತಿ, ಇನ್ನೂ ಓಡತೈತಿ’ ಎಂದು ಬರೆದುಕೊಂಡಿದ್ದಾರೆ.

ಇನ್ನೊಂದರಲ್ಲಿ ಬಸ್ಸು. 1930ರಲ್ಲಿ ನಿಜಾಮ್ ಸರಕಾರ ರೈಲ್ವೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1932ರ ಜೂನ್‌ನಲ್ಲಿ ಅದೇ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. 27 ಬಸ್ಸು, 166 ನೌಕರರು. ಸರಕಾರವೇ ಬಸ್ಸು ಓಡಿಸಿದ್ದು ದೇಶದಲ್ಲಿ ತೀರ ಮೊದಲಿನವುಗಳಲ್ಲಿ ಒಂದು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಆ ಕಾಲದ ಬಸ್ಸೊಂದನ್ನು ‘ಡೆಕ್ಕನ್ ಕ್ವೀನ್’ ಎಂಬ ಹೆಸರಿನಲ್ಲಿ ಹೈದರಾಬಾದಿನ ಸಾರಿಗೆ ಸಂಸ್ಥೆ ಜೋಪಾನವಾಗಿ ಇಟ್ಟುಕೊಂಡಿದೆ. ಅಲ್ಲಿನ ಸರಕಾರಿ ಬಸ್ಸುಗಳ ನಂಬರಿನಲ್ಲಿ ‘ಝಡ್’ ಅಕ್ಷರ ಬಂದದ್ದು ನಿಜಾಮರ ತಾಯಿ ಜಹ್ರಾ ಬೇಗಂ ಹೆಸರಿನಿಂದ ಎಂಬ ಮಾತು ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಕಾಕಾ ಬಸ್ಸಿನ ಲೆಕ್ಕವನ್ನೆಲ್ಲ ಎಡಕ್ಕೆ ಬರೆದು, ಝಡ್ ಕಥೆಯನ್ನು ಬಲಕ್ಕೆ ಹಾಕಿದ್ದಾರೆ. ಅದು ಕೊನೆಯವರೆಗೂ ಅಲ್ಲೇ ಉಳಿದಿದೆ.

ಫಸಲಿ ಇಸವಿಯ ಲೆಕ್ಕಕ್ಕೆ ಒಂದು ಇಡೀ ಹಾಳೆ. ನಿಜಾಮರ ಕಾಲದ ಉರ್ದು ಕಾಗದದಲ್ಲಿ ಇಸವಿ 1341 ಎಂದು ಕಂಡರೆ ಹೊಸಬರು ಗಾಬರಿಯಾಗುತ್ತಾರೆ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಆಜುರ್ ತಿಂಗಳಿನಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಶುರು. ಅದನ್ನು ಕ್ರಿಸ್ತಶಕಕ್ಕೆ ತರಲು ಡಿಸೆಂಬರ್ ಒಳಗಿನ ತಾರೀಕಾದರೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಾದರೆ 591. ಬಸ್ಸು ಶುರುವಾದ 1932ರ ಜೂನ್ ಬರುವುದು 1341ರಲ್ಲಿ. ಕಾಕಾ ಈ ಹಾಳೆಯನ್ನು ಬರೆದದ್ದು ಶಹಾಪುರದ ಮನೆಯೊಂದರಲ್ಲಿ ಸಿಕ್ಕ ಡ್ರೈವರ್ ಲೈಸೆನ್ಸಿಗಾಗಿ. ಉರ್ದು ಶಾಲೆಯ ನಿವೃತ್ತ ಮಾಸ್ತರರಿಂದ ಓದಿಸಿ, 1352ನೇ ಫಸಲಿಯದು ಎಂದು ಗೊತ್ತುಮಾಡಿಕೊಂಡಿದ್ದಾರೆ. ಅಂದರೆ 1942-43. ‘ಅಜ್ಜ ನಿಜಾಮನ ಕಾಲದಾಗ ಮೋಟಾರು ಹೊಡೀತಿದ್ದ’ ಎಂದು ಆ ಮನೆಯವರು ಹೇಳುತ್ತಿದ್ದ ಮಾತು ಅಂದು ಬಲದಿಂದ ಎಡಕ್ಕೆ ಬಂದಿದೆ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ಖರೆ’ ಎಂದಿದೆ. ಎಲ್ಲರ ಕಥೆಯನ್ನೂ ಬೀಳಿಸುವುದು ಅವರ ಉದ್ದೇಶವಾಗಿರಲಿಲ್ಲ. ನಿಜವಾದದ್ದು ನಿಂತರೆ ಅವರಷ್ಟು ಸಂತೋಷಪಡುವವರೂ ಇರಲಿಲ್ಲ.

ಶಹಾಪುರ ಎಂದಾಗ ಒಂದು ಮಾತು ಹೇಳಬೇಕೆನಿಸುತ್ತದೆ. ಅಲ್ಲಿಗೆ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಪ್ರಾಚೀನ ಗುಂಡುಕಲ್ಲುಗಳಿವೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆಡಳಿತದ ನಡುವೆಯೇ ಇಂಥ ನೆಲೆಗಳನ್ನು ಅಳೆದು, ನಕ್ಷೆ ಮಾಡಿ ವಿದ್ವಾಂಸರ ಮುಂದಿಟ್ಟ. ಕಲ್ಲಿನ ಬಗ್ಗೆ ಊರವರು ಹೇಳಿದ ಕಥೆ ಬೇರೆ, ಕಲ್ಲಿನ ಅಳತೆ ಬೇರೆ ಎಂದು ಎಣಿಸಿದವನು. ಈ ನೆಲದಲ್ಲಿ ಅಳೆದು ನೋಡುವ ಕೆಲಸಕ್ಕೆ ಇಂಥ ಹಿರಿಯರಿದ್ದರು ಎಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಕಾಕಾ ಅವರನ್ನು ಆ ಸಾಲಿನಲ್ಲಿ ಕೂಡಿಸಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇನ್ನು ಜೀಪಿನ ಆರ್‌ಸಿ ಪುಸ್ತಕ. ಮನೆಯ ಟ್ರಂಕಿನಲ್ಲಿ ಜಾತಕಗಳ ಜೊತೆ ಸುತ್ತಿಟ್ಟಿದ್ದರು. ಮಡಿಕೆಗಳಲ್ಲಿ ಹರಿದು, ಹಿಂದೆ ಅಂಟುಕಾಗದ ಹಚ್ಚಿದ ಪುಸ್ತಕ. ಒಂದು ಗಾಡಿಯ ನಂಬರು ಬದಲಾಗುತ್ತ ಹೋದದ್ದು ನಮ್ಮ ಸೀಮೆಯ ರಾಜಕೀಯ ಚರಿತ್ರೆಯೇ. ಹೈದರಾಬಾದ್ ರಾಜ್ಯದಲ್ಲಿ ‘ಎಚ್‌ವೈ’, 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ‘ಎಂವೈ’, ನಂತರ ‘ಕೆಎ’. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಇಲ್ಲಿನ ಗಾಡಿಗಳಿಗೆ ಕೆಎ-33. ಕಾಕಾ ಅವರ ಜೀಪಿನ ಪುಸ್ತಕದಲ್ಲಿ ಎಚ್‌ವೈ ಎಲ್ಲೂ ಇಲ್ಲ. ಎಂವೈ ನಂಬರು ಕೊಡುವ ಮುಂಚೆ ಇದ್ದ ಗುರುತು ‘ಬಿ’ ಅಕ್ಷರದಿಂದ ಶುರುವಾಗುತ್ತದೆ. ಅದು ಮುಂಬಯಿ ಪ್ರಾಂತದ್ದು. ಮೊದಲ ಮಾಲೀಕರ ಊರು ಸೋಲಾಪುರ. ಮೊದಲ ನೋಂದಣಿ 1947.

ಇದರ ಅರ್ಥ ಸ್ಪಷ್ಟ. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಡಿಗಳನ್ನು ಸರಕಾರ ಹರಾಜು ಹಾಕಿತು. ‘ಡಿಸ್ಪೋಸಲ್ ಮಾಲು’ ಎಂದೇ ಹಳಬರ ಬಾಯಲ್ಲಿ ಅದರ ಹೆಸರು. ಅಂಥ ಹರಾಜಿನ ಗಾಡಿ ಇದು. ಪೊಲೀಸ್ ಆ್ಯಕ್ಷನ್ ನಡೆದದ್ದು 1948ರ ಸೆಪ್ಟೆಂಬರ್ 13ರಿಂದ. ಆ ಹೊತ್ತಿಗೆ ಈ ಜೀಪು ಸೋಲಾಪುರದಲ್ಲಿ ಖಾಸಗಿಯವರ ಹೆಸರಿನಲ್ಲಿತ್ತು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಖ್ಯ ಪಡೆ ಅದೇ ಸೋಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ಹುಮನಾಬಾದ್, ಜಹೀರಾಬಾದ್ ದಾರಿಯಾಗಿ ಹೈದರಾಬಾದ್ ಕಡೆ ಸಾಗಿತು. 17ರಂದು ನಿಜಾಮರು ಶರಣಾದರು. ಆ ದಾರಿ ಸುರಪುರಕ್ಕೂ ಬರುವುದಿಲ್ಲ, ಯಾದಗಿರಿಗೂ ಬರುವುದಿಲ್ಲ.

ಕಥೆ ಹೇಗೆ ಹುಟ್ಟಿತೆಂಬುದೂ ಇಲ್ಲೇ ಸಿಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಮಿಲಿಟರಿ ಜೀಪು, ಸೋಲಾಪುರದಿಂದ ಬಂದದ್ದು. ಮಿಲಿಟರಿ ಪಡೆಯೂ ಸೋಲಾಪುರದಿಂದ ಬಂದದ್ದು. ಎರಡೂ ನಿಜ. ಎರಡು ನಿಜ ಸೇರಿ ಮೂರನೆಯದೊಂದು ಮಾತಾಯಿತು, ಅದು ನಿಜವಲ್ಲ. ನಮ್ಮ ಹಿರಿಯರಿಗೆ ಆ ಸೆಪ್ಟೆಂಬರ್ ಬದುಕಿನ ದೊಡ್ಡ ಗಡಿ. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಭಯ, ಊರು ಬಿಟ್ಟು ಓಡಿದ್ದು, ಮತ್ತೆ ಮನೆಗೆ ಬಂದದ್ದು ಎಲ್ಲವನ್ನೂ ಅವರು ಪೊಲೀಸ್ ಆ್ಯಕ್ಷನ್ ಹಿಂದೆ, ಮುಂದೆ ಎಂದೇ ಎಣಿಸುತ್ತಿದ್ದರು. ಮನೆಯಂಗಳದ ಗಾಡಿಯೂ ಆ ಎಣಿಕೆಗೆ ಸೇರಿಕೊಂಡಿತು.

ಕೊನೆಗೆ ಜೀಪಿನ ಪುಟ ಸಿಕ್ಕಿದ್ದು ವಹಿಯ ಹಿಂಬದಿಯಲ್ಲಿ. ‘ಕೇಳಿದ್ದು’ ಎಂಬಲ್ಲಿ ಎಲ್ಲರೂ ಹೇಳುವ ಕಥೆ ಇದೆ. ಅದರ ಮೇಲೆ ಗೆರೆ ಎಳೆದಿದೆ. ‘ಕಂಡದ್ದು’ ಎಂಬಲ್ಲಿ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನಾಲ್ಕು ಸಾಲಿನಲ್ಲಿದೆ: ‘ಫೋರ್ಡ್ ಚಾಸಿ. ಇಂಜಿನ್ ವಿಲ್ಲಿಸ್, ಆಮ್ಯಾಲ ಕೂಡಿಸಿದ್ದು. ಡಿಸ್ಪೋಸಲ್ ಮಾಲು, ಸೋಲಾಪುರದಿಂದ. ಪೊಲೀಸ್ ಆ್ಯಕ್ಷನ್ ಅಲ್ಲ.’

ಅವರಿಗೆ ಎಲ್ಲವೂ ಗೊತ್ತಿತ್ತು. ಕೇಳಿದವರಿಗೆ ಹೇಳಿಯೂ ಇದ್ದರು ಎಂದು ಮಗ ಹೇಳಿದರು. ‘ಅಪ್ಪ ಅಂದ್ರು ಮಂದಿ ಕೇಳ್ತಿರಲಿಲ್ರಿ. ಇದು ಪೊಲೀಸ್ ಆ್ಯಕ್ಷನ್ ಜೀಪಲ್ಲ ಅಂತ ಯಾಕ ಅಂತೀರಿ ಅಂತ ತಿರುಗಿ ಅವರಿಗೇ ಬುದ್ಧಿ ಹೇಳ್ತಿದ್ರು.’ ತನ್ನ ಗಾಡಿಯ ಬೆಲೆಯನ್ನು ಹೆಚ್ಚಿಸುವ ಕಥೆಯನ್ನು ತಾನೇ ಹೊಡೆದುಹಾಕುವುದು ಸಣ್ಣ ಮಾತಲ್ಲ. ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಒಳ್ಳೆಯ ಕಥೆಗೆ ಹಣವಿದೆ.

ಇಂಜಿನ್ನಿನ ಸಾಲಿಗೂ ಬೆಲೆ ತೆರಬೇಕಿತ್ತು. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಗಾಡಿಗೆ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ. ಬಳಗದವರೆಲ್ಲ ಕಾಕಾ ಅವರಿಗೆ ಅರ್ಜಿ ಹಾಕಲು ದುಂಬಾಲು ಬಿದ್ದೆವು. ಒಂದು ಕಂಪನಿಯ ಚಾಸಿಗೆ ಇನ್ನೊಂದು ಕಂಪನಿಯ ಇಂಜಿನ್ ಕೂಡಿಸಿದ ಗಾಡಿ, ಅದನ್ನು ಮೂಲ ಎಂದು ತಾನು ಸಹಿ ಮಾಡುವುದಿಲ್ಲ ಎಂದರು. ನಕ್ಷೆ ಒಂದೇ ಆದ್ದರಿಂದ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ‘ನನಗ ಗೊತ್ತೈತೆಲ್ಲ’ ಎಂದರು. ಅರ್ಜಿ ಹಾಕಲಿಲ್ಲ.

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಹೊಳೆಯುತ್ತ ನಿಂತಿವೆ. ನೋಡಲೇಬೇಕಾದ ಜಾಗ. ಆದರೆ ಯಾದಗಿರಿ ಸೀಮೆಯ ಗಾಡಿಗಳು ಅಂಥವಲ್ಲ. ಇವು ಹತ್ತಿ ಅಂಡಿಗೆ ಹೊತ್ತವು, ಭೀಮಾ ನದಿ ದಾಟಿದವು, ಬಾಣಂತಿಯರನ್ನು ಆಸ್ಪತ್ರೆಗೆ ಒಯ್ದವು, ಚುನಾವಣೆಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಓಡಿದವು. ಯಾವ ಗ್ಯಾಜೆಟಿಯರಿನಲ್ಲೂ ಇವುಗಳ ಡ್ರೈವರು, ಮಿಸ್ತ್ರಿಗಳ ಹೆಸರು ಹುಡುಕಬೇಡಿ. ಅಲ್ಲಿ ರಸ್ತೆಯ ಉದ್ದ ಇರುತ್ತದೆ, ಸೇತುವೆಯ ಖರ್ಚು ಇರುತ್ತದೆ. ಹೆಸರು ಇರುವುದು ಮನೆಯ ಟ್ರಂಕುಗಳಲ್ಲಿ, ಕಾಕಾ ಅವರದರಂಥ ವಹಿಗಳಲ್ಲಿ.

ಸಂಚಿಕೆಯ ಮೊದಲ ಸಾಲು ಬದಲಾಗಿದೆ. ಕರಡಿನ ಮಾತು ಹೋಗಿ ವಹಿಯ ನಾಲ್ಕು ಸಾಲು ಅವರ ಕೈಬರಹದಲ್ಲೇ ಅಚ್ಚಾಗುತ್ತದೆ, ಕೊನೆಯ ‘ಅಲ್ಲ’ ಸಹಿತ. ಇಡೀ ವಹಿಯ ಚಿತ್ರ ತೆಗೆದು ಇಡುವ ಕೆಲಸವೂ ನಡೆದಿದೆ.

ಈ ಮೂರು ತಾಲೂಕಿನ ಓದುಗರಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಹಳೆಯ ಆರ್‌ಸಿ ಪುಸ್ತಕ, ಉರ್ದು ಲೈಸೆನ್ಸು, ಕಂಡಕ್ಟರ್ ಬಿಲ್ಲೆ, ಪರ್ಮಿಟ್ಟು ಇದ್ದರೆ ರದ್ದಿಗೆ ಹಾಕಬೇಡಿ. ಒಂದೊಂದು ಪುಟದ ಫೋಟೋ ತೆಗೆದಿಡಿ, ಎರಡೂ ಬದಿಯದು. ಗಾಡಿಯನ್ನು ಗುಜರಿಗೆ ಕೊಡಲೇಬೇಕಾಗಿ ಬಂದರೆ ಅದಕ್ಕೆ ಮುಂಚೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದುಕೊಳ್ಳಿ. ಅದನ್ನು ಓಡಿಸಿದವರ, ರಿಪೇರಿ ಮಾಡಿದವರ ಹೆಸರನ್ನು ಕೆಳಗೆ ಬರೆಯಿರಿ. ಬರೆಯುವಾಗ ಕಂಡದ್ದನ್ನು ಒಂದು ಕಡೆ, ಕೇಳಿದ್ದನ್ನು ಇನ್ನೊಂದು ಕಡೆ ಬರೆಯಿರಿ.